ವ್ಯಾಟ್ ಕೇಳುವ ಮೊದಲು: ಮನೆಯಲ್ಲೇ ಮಾಡಿದ ಸಬ್‌ವೂಫರ್‌ಗೆ ಒಂದು ಆಂಪ್ಲಿಫೈಯರ್

ಮನೆಯಲ್ಲೇ ಸಬ್‌ವೂಫರ್, ಅಂದರೆ ತಗ್ಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್ ಪೆಟ್ಟಿಗೆ, ಮಾಡಿಕೊಳ್ಳುವವರು ಪೆಟ್ಟಿಗೆಯ ವಿಷಯದಲ್ಲಿ ತೋರುವ ತಾಳ್ಮೆಯನ್ನು ಆಂಪ್ಲಿಫೈಯರ್ ವಿಷಯದಲ್ಲಿ ತೋರುವುದು ಕಡಿಮೆ. ಪ್ಲೈವುಡ್ 18 ಮಿಲಿಮೀಟರ್ ಇರಬೇಕೋ 12 ಸಾಕೋ, ಮೂಲೆಗೆ ರೀಪು ಕೊಡಬೇಕೋ ಬೇಡವೋ, ಒಳಗೆ ಹತ್ತಿ ತುಂಬಬೇಕೋ ಎಂದು ಆಚಾರಿಯೊಡನೆ ವಾರಗಟ್ಟಲೆ ಚರ್ಚಿಸುವವರು, ಪೆಟ್ಟಿಗೆ ಸಿದ್ಧವಾದ ಮೇಲೆ ಅಂಗಡಿಗೆ ಹೋಗಿ ಇರುವುದರಲ್ಲಿ ದೊಡ್ಡ ಅಂಕಿ ಬರೆದಿರುವ ಆಂಪ್ಲಿಫೈಯರ್ ಬೋರ್ಡನ್ನು ತಂದು ಜೋಡಿಸಿಬಿಡುತ್ತಾರೆ. ನನ್ನ ಪೆಟ್ಟಿಗೆಗೆ ಆಂಪ್ಲಿಫೈಯರ್ ಆರಿಸುವಾಗ ಕೈಯಲ್ಲಿದ್ದದ್ದು ಐದು ಸಾವಿರ ರೂಪಾಯಿ. ಅದರಲ್ಲೇ ಬೋರ್ಡು, ವಿದ್ಯುತ್ ಪೂರೈಕೆ, ಬೇಡದ ಸ್ವರಗಳನ್ನು ತಡೆಯುವ ಫಿಲ್ಟರ್, ವೈರು, ಹೊದಿಕೆಯ ಡಬ್ಬ ಎಲ್ಲವೂ ಆಗಬೇಕಿತ್ತು. ಅಷ್ಟು ಬಿಗಿಯಾದ ಹಣದಲ್ಲಿ ಕೊಳ್ಳುವಾಗ ಯಾವ ಪ್ರಶ್ನೆಯನ್ನು ಮೊದಲು ಕೇಳಬೇಕು, ಯಾವುದನ್ನು ಕೊನೆಗೆ ಕೇಳಬೇಕು ಎಂಬುದೇ ಮುಖ್ಯವಾಗುತ್ತದೆ. ವ್ಯಾಟ್ ಎಷ್ಟು ಎಂಬುದು ಕೊನೆಯ ಪ್ರಶ್ನೆ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯ ಪ್ರಶ್ನೆ ವೂಫರ್‌ಗೆ, ಅಂದರೆ ಪೆಟ್ಟಿಗೆಯೊಳಗಿನ ದೊಡ್ಡ ಸ್ಪೀಕರಿಗೆ, ಸಂಬಂಧಿಸಿದ್ದು. ತಗ್ಗಿನ ಸ್ವರವೆಂದರೆ ಗಾಳಿಯನ್ನು ಹೆಚ್ಚು ಪ್ರಮಾಣದಲ್ಲಿ ಹಿಂದೆ ಮುಂದೆ ತಳ್ಳುವ ಕೆಲಸ. ಕಂಪನಾಂಕ (ಸೆಕೆಂಡಿಗೆ ಎಷ್ಟು ಕಂಪನ ಎಂಬುದು, ಅದರ ಅಳತೆ ಹರ್ಟ್ಸ್) ಅರ್ಧಕ್ಕೆ ಇಳಿದರೆ, ಅಷ್ಟೇ ಜೋರು ಕೇಳಿಸಲು ಸ್ಪೀಕರಿನ ಮುಂದಿನ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕಾಗುತ್ತದೆ. ಎಂಟು ಇಂಚಿನ ಒಂದು ವೂಫರ್‌ನ ಕೋನ್ ಒಂದು ಬದಿಗೆ 5 ಮಿಲಿಮೀಟರ್ ಮಾತ್ರ ಸರಿಯಾಗಿ ಚಲಿಸಬಲ್ಲದು ಎಂದಿಟ್ಟುಕೊಳ್ಳೋಣ. ಮುಚ್ಚಿದ ಪೆಟ್ಟಿಗೆಯಲ್ಲಿ, ಬಯಲಿನ ನೆಲದ ಮೇಲಿಟ್ಟು ಒಂದು ಮೀಟರ್ ದೂರದಲ್ಲಿ ಕೇಳಿದರೆ ಅದು 40 ಹರ್ಟ್ಸ್‌ನಲ್ಲಿ ಕೊಡಬಹುದಾದ ಗರಿಷ್ಠ ಸದ್ದು ಲೆಕ್ಕದ ಪ್ರಕಾರ ಸುಮಾರು 93 ಡೆಸಿಬೆಲ್ (ಸದ್ದಿನ ಅಳತೆ). 20 ಹರ್ಟ್ಸ್‌ಗೆ ಇಳಿದರೆ ಸುಮಾರು 81 ಡೆಸಿಬೆಲ್. ಐವತ್ತು ವ್ಯಾಟ್ ಕೊಟ್ಟರೂ ಐನೂರು ವ್ಯಾಟ್ ಕೊಟ್ಟರೂ ಈ ಮಿತಿ ಬದಲಾಗುವುದಿಲ್ಲ. ಮಿತಿ ಮೀರಿದರೆ ಹೆಚ್ಚುವುದು ಸದ್ದಲ್ಲ, ಕೋನಿಗೆ ಅಂಟಿದ ತಂತಿಸುರುಳಿ, ಅಂದರೆ ಕಾಯಿಲ್, ತಳಕ್ಕೆ ಬಡಿಯುವ ಟಕಟಕ ಶಬ್ದ. ಅದೇ ಹತ್ತು ಇಂಚಿನ, ಒಂದು ಬದಿಗೆ 8 ಮಿಲಿಮೀಟರ್ ಚಲಿಸಬಲ್ಲ ವೂಫರ್ ಆದರೆ 40 ಹರ್ಟ್ಸ್‌ನಲ್ಲಿ ಸುಮಾರು 101 ಡೆಸಿಬೆಲ್‌ವರೆಗೆ ಹೋಗಬಹುದು. ಈ ಎಂಟು ಡೆಸಿಬೆಲ್ ವ್ಯತ್ಯಾಸ ವೂಫರ್‌ನಿಂದ ಬಂದದ್ದು. ಚಿಕ್ಕ ವೂಫರ್‌ಗೆ ಎಷ್ಟು ದೊಡ್ಡ ಆಂಪ್ಲಿಫೈಯರ್ ಕಟ್ಟಿದರೂ ಅದು ದೊರೆಯುವುದಿಲ್ಲ.

ಹಾಗಾದರೆ ಎಷ್ಟು ತಗ್ಗಿಗೆ ಇಳಿಯಬೇಕು ಎಂಬುದೂ ಕೇಳಿಕೊಳ್ಳಬೇಕಾದ ಮಾತೇ. ಬಾಸ್ ಗಿಟಾರಿನ ಸಾಮಾನ್ಯ ಶ್ರುತಿಯ ಅತಿ ತಗ್ಗಿನ ತಂತಿ ಸುಮಾರು 41 ಹರ್ಟ್ಸ್. ಪಿಯಾನೋದ ಕಟ್ಟಕಡೆಯ ಕೀಲಿ 27.5 ಹರ್ಟ್ಸ್. ಭಾವಗೀತೆ, ಯಕ್ಷಗಾನದ ಮುದ್ರಣ, ಹಳೆಯ ಚಿತ್ರಗೀತೆಗಳಿಗೆ 40 ಹರ್ಟ್ಸ್‌ವರೆಗೆ ಸ್ವಚ್ಛವಾಗಿ ಕೇಳಿಸಿದರೆ ಕೊರತೆಯೆನಿಸುವುದಿಲ್ಲ. ಇತ್ತೀಚಿನ ಸಿನಿಮಾಗಳ ಸ್ಫೋಟ, ಗುಡುಗುಗಳು 20–30 ಹರ್ಟ್ಸ್‌ಗೆ ಇಳಿಯುತ್ತವೆ. ಅದು ಬೇಕೆಂದರೆ ಖರ್ಚಿನ ಲೆಕ್ಕವೇ ಬೇರೆ. ನಮ್ಮ ಕಡೆಯ ಡೊಳ್ಳಿನ ಪೆಟ್ಟು ಎದೆಗೆ ತಟ್ಟುವಂತೆ ಕೇಳಿಸಬೇಕೆಂಬುದು ನನ್ನ ಆಸೆಯಾಗಿತ್ತು, ಸಿನಿಮಾದ ಬಾಂಬುಗಳ ಬಗ್ಗೆ ಅಂಥ ಆಸಕ್ತಿಯಿರಲಿಲ್ಲ. ಆದ್ದರಿಂದ 40 ಹರ್ಟ್ಸ್ ಎಂದು ಗೆರೆ ಹಾಕಿಕೊಂಡೆ. ಒಮ್ಮೆ ಈ ಗೆರೆ ಹಾಕಿಕೊಂಡರೆ ಆಂಪ್ಲಿಫೈಯರ್‌ನ ಮೇಲಿನ ಬೇಡಿಕೆ ಅಚ್ಚರಿಯಾಗುವಷ್ಟು ಕಡಿಮೆಯಾಗುತ್ತದೆ.

ಡೆಸಿಬೆಲ್ಲಿನ ಗಣಿತವೂ ಇದನ್ನೇ ಹೇಳುತ್ತದೆ. ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಸಿಗುವುದು ಮೂರು ಡೆಸಿಬೆಲ್ ಮಾತ್ರ, ಅದು ಕಿವಿಗೆ ಸ್ವಲ್ಪ ಹೆಚ್ಚಾದಂತೆ ತೋರುವಷ್ಟು. ಸದ್ದು ಇಮ್ಮಡಿಯಾಯಿತು ಎಂದು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ 50 ಮತ್ತು 70 ವ್ಯಾಟಿನ ಎರಡು ಬೋರ್ಡುಗಳ ನಡುವೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ವೂಫರ್‌ನ ಹಿಂಬದಿಯ ಚೀಟಿಯಲ್ಲಿ 300 ವ್ಯಾಟ್ ಎಂದಿದ್ದರೂ ಅದನ್ನು ಆಂಪ್ಲಿಫೈಯರ್‌ಗೆ ಗುರಿಯೆಂದು ತಿಳಿಯಬೇಕಾಗಿಲ್ಲ. ಅದು, ಆ ಚೀಟಿ ನಿಜವೇ ಆಗಿದ್ದ ಪಕ್ಷದಲ್ಲಿ, ಕಾಯಿಲ್ ಸುಟ್ಟುಹೋಗದೆ ತಾಳಿಕೊಳ್ಳಬಲ್ಲ ಬಿಸಿಯ ಮಿತಿಯೇ ಹೊರತು ಚೆನ್ನಾಗಿ ನುಡಿಯಲು ಬೇಕಾದ ಆಹಾರವಲ್ಲ.

ಇನ್ನು ಕೋಣೆ. ಶಿವಮೊಗ್ಗದಲ್ಲಿರುವ ನಮ್ಮ ಬಾಡಿಗೆ ಮನೆ ಆರ್‌ಸಿಸಿ ತಾರಸಿಯದು. ಸಾಗರದ ಕಡೆಯ ಊರಮನೆ ಹೆಂಚಿನದು, ಜಗಲಿಯಿಂದ ಅಟ್ಟದವರೆಗೆ ಎಲ್ಲವೂ ಒಂದಕ್ಕೊಂದು ತೆರೆದುಕೊಂಡಿರುವಂಥದ್ದು. ಒಂದೇ ಪೆಟ್ಟಿಗೆ ಎರಡೂ ಕಡೆ ಬೇರೆ ಬೇರೆಯಾಗಿ ನುಡಿಯುತ್ತದೆ. ಗಟ್ಟಿಯಾದ ನಾಲ್ಕು ಗೋಡೆಗಳ ಚಿಕ್ಕ ಕೋಣೆ ತಗ್ಗಿನ ಸ್ವರವನ್ನು ಒಳಗೇ ಹಿಡಿದಿಡುತ್ತದೆ, ಕೆಲವನ್ನು ಬೇಡವೆನ್ನುವಷ್ಟು ಉಬ್ಬಿಸುತ್ತದೆ: ಗೋಡೆಯಿಂದ ಗೋಡೆಗೆ 3.4 ಮೀಟರ್ ಇರುವ ಕೋಣೆ ಸುಮಾರು 50 ಹರ್ಟ್ಸ್‌ನಲ್ಲಿ ತಾನೇ ಅನುರಣಿಸುತ್ತದೆ. ಹೆಂಚಿನ ಮನೆಯಲ್ಲಾದರೋ ಸ್ವರ ಮಾಡಿನ ಸಂದಿಗಳಿಂದ ಹೊರಗೆ ಸೋರಿಹೋಗುತ್ತದೆ. ಸ್ವಲ್ಪ ಏರಿಸಿದರೆ ಹೆಂಚುಗಳೂ ಕಿಟಕಿಯ ಕದಗಳೂ ಜೊತೆಗೆ ಹಾಡತೊಡಗುತ್ತವೆ. ಊರಮನೆಗೆ ಹೆಚ್ಚು ಶಕ್ತಿ ಬೇಕು ಎಂಬುದು ನಿಜ. ಆದರೆ ಅದನ್ನು ಕೊಳ್ಳುವ ಮೊದಲು ಪೆಟ್ಟಿಗೆಯನ್ನು ಕೋಣೆಯ ನಡುವಿನಿಂದ ಗೋಡೆಯ ಬುಡಕ್ಕೆ, ಅಲ್ಲಿಂದ ಮೂಲೆಗೆ ಸರಿಸಿ ನೋಡಬೇಕು. ತಗ್ಗಿನ ಸ್ವರದ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಗಟ್ಟಿ ಗೋಡೆ ಬಂದಾಗ, ಸಿದ್ಧಾಂತದ ಪ್ರಕಾರ ಆರು ಡೆಸಿಬೆಲ್‌ವರೆಗೆ ಲಾಭವಿದೆ; ಅಂದರೆ ನಾಲ್ಕು ಪಟ್ಟು ದೊಡ್ಡ ಆಂಪ್ಲಿಫೈಯರ್ ಕೊಡುವಷ್ಟು ಹೆಚ್ಚಳ, ಖರ್ಚಿಲ್ಲದೆ. ಮನೆಯವರು ಆ ಮೂಲೆಯನ್ನು ಬಿಟ್ಟುಕೊಡಬೇಕು, ಅಷ್ಟೇ.

ಈಗ ವ್ಯಾಟಿನ ಮಾತಿಗೆ ಬರಬಹುದು. ಕ್ಯಾಸೆಟ್ ಕಾಲದಲ್ಲಿ ಅಂಗೈಯಗಲದ ಸ್ಪೀಕರಿನ ಮೇಲೆ ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಶಿಖರದ ಶಕ್ತಿ ಎಂಬ ಉಬ್ಬಿಸಿದ ಅಂಕಿ) ಎಂದು ಬರೆದಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ಆ ಅಕ್ಷರಗಳು ಮರೆಯಾದರೂ ಆ ಬುದ್ಧಿ ಮರೆಯಾಗಿಲ್ಲ. ಅದರಿಂದ ಪಾರಾಗಲು ಒಂದು ಸರಳ ಲೆಕ್ಕ ಸಾಕು: ಆಂಪ್ಲಿಫೈಯರ್ ತನಗೆ ಸಿಕ್ಕ ವೋಲ್ಟೇಜಿಗಿಂತ ಹೆಚ್ಚನ್ನು ಸ್ಪೀಕರಿಗೆ ಕೊಡಲಾರದು. ಈಗಿನ ಅಗ್ಗದ ಡಿ ಕ್ಲಾಸ್ (ಅತಿವೇಗವಾಗಿ ಸ್ವಿಚ್ ಆಗುತ್ತ ನಡೆಯುವ) ಬೋರ್ಡುಗಳು ಬ್ರಿಜ್ ವಿಧಾನದಲ್ಲಿ, ಅಂದರೆ ಸ್ಪೀಕರಿನ ಎರಡೂ ತುದಿಗಳನ್ನು ವಿರುದ್ಧ ದಿಕ್ಕಿನಲ್ಲಿ ನಡೆಸಿ, ಕೆಲಸ ಮಾಡುವುದರಿಂದ ಸ್ಪೀಕರಿಗೆ ಹೆಚ್ಚೆಂದರೆ ಪೂರೈಕೆಯಷ್ಟೇ ಎತ್ತರದ ಶಿಖರ ಸಿಗುತ್ತದೆ. ಆ ವೋಲ್ಟೇಜಿನ ವರ್ಗವನ್ನು ಎರಡರಿಂದ ಭಾಗಿಸಿ, ಮತ್ತೆ ಸ್ಪೀಕರಿನ ಓಮ್‌ನಿಂದ ಭಾಗಿಸಿದರೆ ವ್ಯಾಟ್. 12 ವೋಲ್ಟಿನಲ್ಲಿ 4 ಓಮ್‌ಗೆ 18 ವ್ಯಾಟ್. 24 ವೋಲ್ಟಿನಲ್ಲಿ 72 ವ್ಯಾಟ್. ಅದೇ 24 ವೋಲ್ಟಿಗೆ 8 ಓಮ್ ವೂಫರ್ ಕಟ್ಟಿದರೆ 36 ವ್ಯಾಟ್. ಇವೂ ನಷ್ಟವನ್ನು ಕಳೆಯದ ಅಂಕಿಗಳು. 12 ವೋಲ್ಟ್, 2 ಆಂಪಿಯರಿನ ಅಡಾಪ್ಟರ್ ಒಟ್ಟು 24 ವ್ಯಾಟ್ ಮಾತ್ರ ಕೊಡಬಲ್ಲದು; ಅದರ ಮುಂದೆ ನೂರು ವ್ಯಾಟಿನ ಬೋರ್ಡು ಇಡುವುದು ಕೆರೆಯಲ್ಲಿ ನೀರಿಲ್ಲದೆ ತೂಬನ್ನು ಅಗಲ ಮಾಡಿದ ಹಾಗೆ.

ಈ ಲೆಕ್ಕಕ್ಕೆ ವೂಫರ್‌ನ ಓಮ್ ಖಚಿತವಾಗಿ ತಿಳಿದಿರಬೇಕು. ಚೀಟಿ ಇಲ್ಲದ ವೂಫರ್ ಆಗಿದ್ದರೆ ಮಲ್ಟಿಮೀಟರ್ ಹಿಡಿದು ನೋಡಬೇಕು: 3.2ರಿಂದ 3.6ರವರೆಗೆ ತೋರಿಸಿದರೆ ಅದು 4 ಓಮ್‌ನದು, ಆರರ ಆಸುಪಾಸು ತೋರಿಸಿದರೆ 8 ಓಮ್‌ನದು. ಮೀಟರ್ ಅಳೆಯುವುದು ಕಾಯಿಲಿನ ತಂತಿಯ ಪ್ರತಿರೋಧವನ್ನು ಮಾತ್ರ; ಆದ್ದರಿಂದ ಅದು ಹೇಳಿಕೆಯ ಓಮ್‌ಗಿಂತ ಸದಾ ತುಸು ಕಡಿಮೆ ಇರುತ್ತದೆ.

ಆಂಪ್ಲಿಫೈಯರ್ ಎಂಬ ಖರ್ಚಿನಲ್ಲಿ ಹೆಚ್ಚಿನ ಪಾಲು ಹೋಗಬೇಕಾದದ್ದು ವಿದ್ಯುತ್ ಪೂರೈಕೆಗೆ ಎಂಬುದನ್ನು ನಾನು ಬಲವಾಗಿ ಹೇಳುತ್ತೇನೆ, ಮಲೆನಾಡಿನವರಿಗಂತೂ ಇನ್ನಷ್ಟು ಬಲವಾಗಿ. ಇಲ್ಲಿ ಎರಡು ದಾರಿಗಳಿವೆ. ಒಂದು, ಹಳೆಯ ಕಬ್ಬಿಣ ಮತ್ತು ತಾಮ್ರದ ಟ್ರಾನ್ಸ್‌ಫಾರ್ಮರ್. ಇನ್ನೊಂದು, ಎಲ್‌ಇಡಿ ಬೋರ್ಡು ಕಟ್ಟುವವರು ಬಳಸುವ ತಗಡಿನ ಜಾಲರಿಯ ಎಸ್‌ಎಂಪಿಎಸ್, ಅಂದರೆ ವೇಗವಾಗಿ ಸ್ವಿಚ್ ಆಗುತ್ತ ವೋಲ್ಟೇಜ್ ಇಳಿಸುವ ಪೂರೈಕೆ. 24-0-24 ಟ್ರಾನ್ಸ್‌ಫಾರ್ಮರಿನಿಂದ ಡಯೋಡು, ಕೆಪಾಸಿಟರು ದಾಟಿ ಬರುವುದು ಧನ ಋಣ ಎರಡೂ ಕಡೆ ಸುಮಾರು 34 ವೋಲ್ಟ್. ಹೊರೆ ಬಿದ್ದಾಗ ಅದು ಕುಗ್ಗಿ, ಸ್ಪೀಕರಿಗೆ 28ರ ಶಿಖರ ಸಿಕ್ಕರೆ 4 ಓಮ್‌ಗೆ ನೂರು ವ್ಯಾಟಿನ ಹತ್ತಿರ ಬರುತ್ತದೆ. ಆದರೆ ಟ್ರಾನ್ಸ್‌ಫಾರ್ಮರು ತನ್ನ ಒಳಬರುವ ವೋಲ್ಟೇಜಿನ ಏರಿಳಿತವನ್ನು ಹಾಗೆಯೇ ದಾಟಿಸುತ್ತದೆ. ಬೇಸಿಗೆಯಲ್ಲಿ ಅಡಿಕೆ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನಿನ ತುದಿಯ ಮನೆಯಲ್ಲಿ 230ರ ಜಾಗದಲ್ಲಿ 180 ವೋಲ್ಟ್ ಬಂದರೆ, ವೋಲ್ಟೇಜ್ ನೂರಕ್ಕೆ 78 ಉಳಿದು, ಶಕ್ತಿ ನೂರಕ್ಕೆ 61ಕ್ಕೆ ಇಳಿದಿರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಆದರೆ ಈ ಏರಿಳಿತವನ್ನು ತಾನೇ ನುಂಗಿಕೊಂಡು 24 ವೋಲ್ಟನ್ನು 24 ಆಗಿಯೇ ಇಡುತ್ತದೆ.

ಹಾಗೆಂದು ಎಸ್‌ಎಂಪಿಎಸ್ ಎಲ್ಲ ವಿಧದಲ್ಲೂ ಮೇಲು ಎಂದಲ್ಲ. ಮುಂಗಾರಿನ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಲೈನಿನಲ್ಲಿ ನುಗ್ಗುವ ಹೊಡೆತಕ್ಕೆ ಅದರ ಒಳಗಿನ ಸೂಕ್ಷ್ಮ ಭಾಗಗಳು ಮೊದಲು ಬಲಿಯಾಗುತ್ತವೆ, ಟ್ರಾನ್ಸ್‌ಫಾರ್ಮರಿನ ದಪ್ಪ ಚರ್ಮ ಅದಕ್ಕಿಲ್ಲ. ಜಾಲರಿಯ ತೂತುಗಳಲ್ಲಿ ಇರುವೆ ಗೂಡು ಕಟ್ಟುತ್ತದೆ; ಹಲ್ಲಿಯೂ ಒಳಗೆ ಹೋಗಿ ತಾನೂ ಸತ್ತು ಅದನ್ನೂ ಕೊಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವಕ್ಕೆ ಬೋರ್ಡಿನ ಮೇಲೆ ಕೂತ ದೂಳು ಒದ್ದೆಯಾಗಿ ವಿದ್ಯುತ್ತಿಗೆ ದಾರಿಯಾಗುತ್ತದೆ. ಟ್ರಾನ್ಸ್‌ಫಾರ್ಮರಿನ ಮಾರುಕಟ್ಟೆಯಲ್ಲಿಯೂ ತಾಮ್ರದ ಬದಲು ಅಲ್ಯೂಮಿನಿಯಂ ಸುತ್ತಿದವು ಸಾಕಷ್ಟಿವೆ. ಒಂದೇ ಅಳತೆಯ ಎರಡನ್ನು ಕೈಯಲ್ಲಿ ತೂಗಿ ನೋಡಿದರೆ ಹಗುರವಾದದ್ದರ ಬಗ್ಗೆ ಅನುಮಾನಪಡಬೇಕು. ಇದೆಲ್ಲವನ್ನೂ ತೂಗಿ ನೋಡಿ ನಾನು ಎಸ್‌ಎಂಪಿಎಸ್ ಕಡೆಗೆ ವಾಲಿದೆ, ಮುಖ್ಯವಾಗಿ ಹಣದ ಕಾರಣಕ್ಕೆ: ಒಳ್ಳೆಯ ತಾಮ್ರದ ಟ್ರಾನ್ಸ್‌ಫಾರ್ಮರು, ದೊಡ್ಡ ಕೆಪಾಸಿಟರುಗಳು, ಬಿಸಿ ಹೊರಹಾಕುವ ಅಗಲವಾದ ಹೀಟ್ ಸಿಂಕ್ ಸೇರಿದರೆ ಅವೇ ಬಜೆಟ್ಟಿನ ಬಹುಪಾಲನ್ನು ತಿಂದುಹಾಕುತ್ತವೆ. ಸಿಡಿಲಿಗೆ ಪ್ಲಗ್ ಕೀಳುವುದೇ ಮದ್ದು. ನಮ್ಮ ಕಡೆ ಟಿವಿಗೂ ಅದನ್ನೇ ಮಾಡುತ್ತೇವಲ್ಲ.

ಎಷ್ಟು ಆಂಪಿಯರಿನದು ಬೇಕು ಎಂಬ ಪ್ರಶ್ನೆಗೆ ಉತ್ತರ ನಿರೀಕ್ಷೆಗಿಂತ ಚಿಕ್ಕದು. ಸಂಗೀತದ ಸರಾಸರಿ ಶಕ್ತಿ ಅದರ ಶಿಖರಕ್ಕಿಂತ ತುಂಬಾ ಕಡಿಮೆ. 70 ವ್ಯಾಟಿನ ಆಂಪ್ಲಿಫೈಯರ್‌ಗೆ 24 ವೋಲ್ಟ್, 5 ಆಂಪಿಯರಿನ ಪೂರೈಕೆ ಸಾಕು; ಮುಂದೆ ಬೆಳೆಸುವ ಯೋಚನೆಯಿದ್ದರೆ 10 ಆಂಪಿಯರಿನದನ್ನು ತರಬಹುದು, ಬೆಲೆಯಲ್ಲಿ ಅಷ್ಟೇನೂ ಅಂತರವಿರುವುದಿಲ್ಲ.

ಪೂರೈಕೆ ನಿರ್ಧಾರವಾದ ಮೇಲೆ ಬೋರ್ಡಿನ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ. ನಮ್ಮ ಊರುಗಳ ರಿಪೇರಿ ಅಂಗಡಿಗಳಲ್ಲಿ ಇಂದಿಗೂ ಮೊದಲು ತೋರಿಸುವುದು 5200–1943 ಬೋರ್ಡನ್ನು. 2ಎಸ್‌ಸಿ5200 ಮತ್ತು 2ಎಸ್‌ಎ1943 ಎಂಬ ತೋಷಿಬಾದ ಟ್ರಾನ್ಸಿಸ್ಟರ್ ಜೋಡಿ ಅದರ ಜೀವಾಳ. ಗಟ್ಟಿಮುಟ್ಟಾದ ವಿನ್ಯಾಸ, ಕೆಟ್ಟರೆ ಊರಿನಲ್ಲೇ ಸರಿಪಡಿಸಬಹುದು ಎಂಬುದು ಅದರ ದೊಡ್ಡ ಗುಣ. ಈ ಜೋಡಿಯ ಹೆಸರಿನಲ್ಲಿ ನಕಲಿ ಮಾಲು ಧಾರಾಳವಾಗಿ ಓಡಾಡುತ್ತದೆ ಎಂಬುದು ಅಷ್ಟೇ ದೊಡ್ಡ ತೊಡಕು. ಎಬಿ ಕ್ಲಾಸ್ ಎಂಬ ಹಳೆಯ ಬಗೆಯದಾದ್ದರಿಂದ ಪಡೆದ ವಿದ್ಯುತ್ತಿನಲ್ಲಿ ದೊಡ್ಡ ಭಾಗ ಬಿಸಿಯಾಗಿ ಹೋಗುತ್ತದೆ, ಟ್ರಾನ್ಸ್‌ಫಾರ್ಮರು ಇಲ್ಲದೆ ಅದಕ್ಕೆ ಗತಿಯಿಲ್ಲ. ಆಂಪ್ಲಿಫೈಯರನ್ನು ಒಂದೇ ಚಿಪ್ಪಿನಲ್ಲಿ ಅಡಕಿಸಿದ ಐಸಿಗಳಲ್ಲಿ ಟಿಡಿಎ2030 ಚಿಕ್ಕ ಕಂಪ್ಯೂಟರ್ ಸ್ಪೀಕರುಗಳಿಗೆ ತಕ್ಕದ್ದು. ಎಲ್‌ಎಂ3886 ಮತ್ತು ಟಿಡಿಎ7294 ಸಬ್‌ವೂಫರ್‌ಗೆ ಯೋಗ್ಯವಾದವು, ಆದರೆ ಅವಕ್ಕೂ ಧನ ಋಣ ಎರಡು ಬದಿಯ ಪೂರೈಕೆ, ಹೀಟ್ ಸಿಂಕ್ ಬೇಕೇ ಬೇಕು.

ಡಿ ಕ್ಲಾಸಿನಲ್ಲಿ ನೂರಕ್ಕೆ ತೊಂಬತ್ತರ ಹತ್ತಿರ ಶಕ್ತಿ ಸ್ಪೀಕರಿಗೆ ಮುಟ್ಟುತ್ತದೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಐಸಿ ಇರುವ ಬೋರ್ಡುಗಳು ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಇದಕ್ಕೆ 26 ವೋಲ್ಟ್ ಮೀರದಂತೆ ನೋಡಿಕೊಳ್ಳಬೇಕು. ಎರಡು ಚಾನೆಲ್‌ಗಳನ್ನು ಒಂದಾಗಿಸಿದ ಮೊನೊ ರೂಪದಲ್ಲಿ ಇದು 2 ಓಮ್ ಹೊರೆಯನ್ನೂ ತಾಳಬಲ್ಲದು. 21 ವೋಲ್ಟಿನಲ್ಲಿ ಆ ಹೊರೆಗೆ 100 ವ್ಯಾಟ್ ಎಂಬುದು ತಯಾರಕರ ಹೇಳಿಕೆ, ಮತ್ತು ಮೇಲಿನ ಲೆಕ್ಕಕ್ಕೆ ಅದು ಹೊಂದುತ್ತದೆ. ಅದಕ್ಕಿಂತ ದೊಡ್ಡ ಟಿಪಿಎ3255 ನಿಜಕ್ಕೂ ಬಲಶಾಲಿ, ಆದರೆ ಅದಕ್ಕೆ ತಕ್ಕ 48 ವೋಲ್ಟಿನ ಪೂರೈಕೆಯ ಜೊತೆ ಕೊಂಡರೆ ಐದು ಸಾವಿರದ ಗೆರೆ ದಾಟುತ್ತದೆ. ಬ್ರಿಜ್ ಬೋರ್ಡುಗಳ ವಿಷಯದಲ್ಲಿ ಒಂದು ಎಚ್ಚರ: ಸ್ಪೀಕರಿನ ಎರಡು ತುದಿಗಳಲ್ಲಿ ಯಾವುದೂ ನೆಲ (ಗ್ರೌಂಡ್) ಅಲ್ಲ; ಎರಡರಲ್ಲೂ ವೋಲ್ಟೇಜ್ ಇರುತ್ತದೆ. ಹಳೆಯ ಅಭ್ಯಾಸದಂತೆ ಕಪ್ಪು ತಂತಿಯನ್ನು ಡಬ್ಬದ ತಗಡಿಗೆ ಮುಟ್ಟಿಸಿದರೆ ಐಸಿಯ ಆಯುಷ್ಯ ಅಲ್ಲಿಗೆ ಮುಗಿಯಿತು.

ಕಾರಿನ ಆಂಪ್ಲಿಫೈಯರನ್ನು ಮನೆಗೆ ತರುವ ಯೋಚನೆ ಎಲ್ಲರಿಗೂ ಒಮ್ಮೆ ಬರುತ್ತದೆ. ಅದರಲ್ಲಿ ಫಿಲ್ಟರ್ ಇರುತ್ತದೆ, 2 ಓಮ್‌ಗೆ ಅದು ಅಂಜುವುದಿಲ್ಲ. ಆದರೆ 200 ವ್ಯಾಟ್ ಬೇಕೆಂದರೆ 12 ವೋಲ್ಟಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ಕೊಡುವ ಪೂರೈಕೆಯ ಬೆಲೆ ಸೇರಿಸಿದರೆ ಅಗ್ಗವೆನ್ನುವ ಮಾತೇ ಉಳಿಯುವುದಿಲ್ಲ. ಸಭೆ ಸಮಾರಂಭಗಳಿಗೆ ಬಳಸುವ ಆಂಪ್ಲಿಫೈಯರು ಮಾತು ದೂರಕ್ಕೆ ಕೇಳಿಸಲೆಂದು ಮಾಡಿದ್ದು. ದೇವಸ್ಥಾನದ ಕಾರ್ಯಕ್ರಮಕ್ಕೆ ಅದು ಬೇಕು, 40 ಹರ್ಟ್ಸ್‌ಗೆ ಬೇಡ. ಯಾರಾದರೂ ಹಳೆಯ ಸ್ಟೀರಿಯೊ ಆಂಪ್ಲಿಫೈಯರನ್ನು ಕಡಿಮೆ ಬೆಲೆಗೆ ಮಾರುತ್ತಿದ್ದರೆ ಮಾತ್ರ ಯೋಚಿಸದೆ ಬಿಡಬಾರದು. ಅದರ ಟ್ರಾನ್ಸ್‌ಫಾರ್ಮರ್ ಒಂದೇ ಆ ಬೆಲೆಗೆ ಬಾಳಬಹುದು.

ಬೋರ್ಡಿಗಿಂತ ಹೆಚ್ಚು ಜನ ಎಡವುವುದು ಫಿಲ್ಟರಿನಲ್ಲಿ. ಸಬ್‌ವೂಫರ್ 80 ಹರ್ಟ್ಸ್‌ಗಿಂತ ಮೇಲಿನದನ್ನು ನುಡಿಸಬಾರದು. ನುಡಿಸಿದರೆ ಗಾಯಕನ ಧ್ವನಿ ಮೂಲೆಯ ಪೆಟ್ಟಿಗೆಯಿಂದ ಬಂದಂತಾಗುತ್ತದೆ. ಈ ಬೇರ್ಪಡಿಕೆಯನ್ನು ಆಂಪ್ಲಿಫೈಯರಿನ ನಂತರ, ಸ್ಪೀಕರಿನ ತಂತಿಯಲ್ಲಿ ಮಾಡಹೊರಟರೆ 4 ಓಮ್‌ಗೆ, ಅತಿ ಸರಳ ಫಿಲ್ಟರಿಗೂ 8 ಮಿಲಿಹೆನ್ರಿಯ ಬೇರೊಂದು ತಂತಿಸುರುಳಿ (ಕಾಯಿಲ್) ಬೇಕಾಗುತ್ತದೆ, ಅದರ ತಾಮ್ರದ ಬೆಲೆ ಬೋರ್ಡಿನ ಬೆಲೆಯನ್ನು ಮೀರಬಹುದು. ಆಂಪ್ಲಿಫೈಯರಿನ ಮೊದಲೇ, ಎನ್‌ಇ5532ನಂಥ ಐಸಿ ಇರುವ ಚಿಕ್ಕ ಫಿಲ್ಟರ್ ಬೋರ್ಡಿನಲ್ಲಿ ಮಾಡುವುದು ಬುದ್ಧಿವಂತಿಕೆ. ಗಾಳಿಕೊಳವೆ ಇರುವ ಪೆಟ್ಟಿಗೆಯಾದರೆ ಇನ್ನೊಂದು ಫಿಲ್ಟರೂ ಬೇಕು: ಕೊಳವೆಯ ಶ್ರುತಿಗಿಂತ ಕೆಳಗೆ ಕೋನನ್ನು ತಡೆಯುವ ಗಾಳಿಯೇ ಇರುವುದಿಲ್ಲವಾದ್ದರಿಂದ ಅಲ್ಲಿನ ಸ್ವರಗಳನ್ನು ಕತ್ತರಿಸದಿದ್ದರೆ ವೂಫರ್ ಹಾಳಾಗುತ್ತದೆ. ಎಂಜಿನಿಯರುಗಳಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ಕುಳಿತು ವೂಫರ್ ಮತ್ತು ಪೆಟ್ಟಿಗೆಯ ನಡುವಿನ ಸಂಬಂಧವನ್ನು ಗಣಿತಕ್ಕೆ ಇಳಿಸಿದರು; ಆ ಅಂಕಿಗಳನ್ನು ಕೊಡದ ವೂಫರ್‌ಗೆ ಕೊಳವೆಯ ಪೆಟ್ಟಿಗೆ ಮಾಡುವುದು ಕತ್ತಲೆಯಲ್ಲಿ ಮಾಡಿದ ಕೆಲಸವಾಗುತ್ತದೆ. ನಾನು ಮುಚ್ಚಿದ ಪೆಟ್ಟಿಗೆ ಆರಿಸಿಕೊಂಡದ್ದಕ್ಕೆ ಇದೇ ಕಾರಣ.

ಅಗ್ಗದ ಬೋರ್ಡುಗಳಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಫಿಲ್ಟರ್ ಅಡಗಿರುತ್ತದೆ. ಸ್ವರ ಒಳಬರುವ ಬಾಗಿಲಿನಲ್ಲಿರುವ ಚಿಕ್ಕ ಕೆಪಾಸಿಟರು ತೀರಾ ಚಿಕ್ಕದಾಗಿದ್ದರೆ ತಗ್ಗಿನ ಸ್ವರವನ್ನು ಅಲ್ಲಿಯೇ ತಡೆಯುತ್ತದೆ: 10 ಕಿಲೋಓಮ್‌ನ ಎದುರು 1 ಮೈಕ್ರೋಫ್ಯಾರಡ್ ಇದ್ದರೆ ಕಡಿತ 16 ಹರ್ಟ್ಸ್‌ನಲ್ಲಿ, 0.1 ಇದ್ದರೆ 160ರ ಹತ್ತಿರ. ಎರಡನೆಯದು ಸಬ್‌ವೂಫರ್‌ನ ಇಡೀ ರಾಜ್ಯವನ್ನೇ ಕಿತ್ತುಕೊಂಡಂತೆ. ಬಾಸ್ ಬರುತ್ತಿಲ್ಲವೆಂದು ದೊಡ್ಡ ಆಂಪ್ಲಿಫೈಯರ್ ತರಲು ಹೊರಟವರು ಮೊದಲು ಈ ಕೆಪಾಸಿಟರಿನ ಮೇಲಿನ ಅಂಕಿಯನ್ನು ಓದಬೇಕು. ಅದನ್ನು ಬದಲಿಸಲು ಕೆಲವೇ ರೂಪಾಯಿ ಸಾಕು.

ಸಬ್‌ವೂಫರ್‌ನ ಗುಂಯ್‌ಗುಟ್ಟುವಿಕೆ ಆಂಪ್ಲಿಫೈಯರಿನ ದೋಷವೇ ಆಗಿರಬೇಕೆಂದಿಲ್ಲ. ನಮ್ಮ ಕರೆಂಟಿನ 50 ಹರ್ಟ್ಸ್ ಇದರ ಕಾರ್ಯಕ್ಷೇತ್ರದ ನಡುವೆಯೇ ಬೀಳುವುದರಿಂದ, ಚಿಕ್ಕ ಸ್ಪೀಕರುಗಳಲ್ಲಿ ಕೇಳಿಸದೆ ಇದ್ದ ಸದ್ದು ಇಲ್ಲಿ ಎದ್ದು ಕೇಳಿಸುತ್ತದೆ. ಸ್ವರದ ಕೇಬಲ್ಲನ್ನು ಕಿತ್ತಾಗ ಗುಂಯ್ ನಿಂತರೆ ದೋಷ ಬೋರ್ಡಿನದಲ್ಲ. ಟಿವಿಗೂ ಸೆಟ್‌ಟಾಪ್ ಡಬ್ಬಕ್ಕೂ ಆಂಪ್ಲಿಫೈಯರಿಗೂ ನಡುವಿನ ನೆಲದ ಸುತ್ತು (ಗ್ರೌಂಡ್ ಲೂಪ್) ಕಾರಣವಾಗಿರುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದರೆ ಬಹಳಷ್ಟು ಸಲ ಅದು ತಗ್ಗುತ್ತದೆ.

ಕೊನೆಗೆ ನನ್ನ ಮೂಲೆಯಲ್ಲಿ ಕೂತದ್ದು ಟಿಪಿಎ3116ರ ಮೊನೊ ಬೋರ್ಡು, 24 ವೋಲ್ಟ್ 10 ಆಂಪಿಯರಿನ ಎಸ್‌ಎಂಪಿಎಸ್, ಪ್ರತ್ಯೇಕ ಫಿಲ್ಟರ್ ಬೋರ್ಡು, ಮತ್ತು ಇವೆಲ್ಲಕ್ಕೂ ಸೊಳ್ಳೆ ಪರದೆಯ ಜಾಲರಿಯಿಂದ ಕಿಂಡಿ ಮುಚ್ಚಿದ ಒಂದು ತಗಡಿನ ಡಬ್ಬ. ಊರಮನೆಗೆ ಇದು ಸಾಲದು ಎಂಬುದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ಪರಿಹಾರವಾಗಿ ದೊಡ್ಡ ಆಂಪ್ಲಿಫೈಯರ್ ತರುವ ಆಲೋಚನೆ ಇಲ್ಲ. ಅದೇ ಬಗೆಯ ಇನ್ನೊಂದು 4 ಓಮ್ ವೂಫರನ್ನು ಇನ್ನೊಂದು ಪೆಟ್ಟಿಗೆಯಲ್ಲಿಟ್ಟು ಇದರೊಡನೆ ಸಮಾನಾಂತರವಾಗಿ ಜೋಡಿಸಿದರೆ ಹೊರೆ 2 ಓಮ್ ಆಗುತ್ತದೆ, ತಳ್ಳುವ ಗಾಳಿ ಇಮ್ಮಡಿಯಾಗುತ್ತದೆ, ಲೆಕ್ಕದಲ್ಲಿ ಆರು ಡೆಸಿಬೆಲ್‌ವರೆಗೆ ಹೆಚ್ಚಳ ಸಿಗುತ್ತದೆ. ಬೋರ್ಡು ಅದನ್ನು ತಾಳಬಲ್ಲದು. ಎಸ್‌ಎಂಪಿಎಸ್‌ನ ಪಕ್ಕದ ಚಿಕ್ಕ ತಿರುಪನ್ನು ತಿರುಗಿಸಿ ವೋಲ್ಟೇಜನ್ನು 22ರ ಸುತ್ತ ಇಳಿಸಿಕೊಂಡರೆ ಇನ್ನೂ ನೆಮ್ಮದಿ. ಆಚಾರಿಗೆ ಎರಡನೆಯ ಪೆಟ್ಟಿಗೆಯ ಅಳತೆ ಕೊಟ್ಟಿದ್ದೇನೆ, ಮಳೆ ಬಿಡುವ ತನಕ ಪ್ಲೈವುಡ್ ಕೊಯ್ಯುವುದು ಬೇಡ ಎಂದಿದ್ದಾರೆ.